ಮುಗಿದಿಲ್ಲ ತಾನೆ?

ನನ್ನ ಇಂಗ್ಲಿಷ್ ಸರಿಯಿಲ್ಲ ಎಂದು ಯಾರಾದರೂ ಅಂದರೆ ಆಗ ಮೈಯೆಲ್ಲ ಉರಿಯುತ್ತಿತ್ತು. ಮಂಡ್ಯದವಳು ನಾನು, ಬಾಯಿ ಜೋರು. ಈಗ ಬ್ರಿಸ್ಬೇನ್‌ನಲ್ಲಿ ನರ್ಸ್ ಆಗಿದ್ದೇನೆ. ಓದುವಾಗ ಇದ್ದದ್ದು ಪರ್ತ್‌ನಲ್ಲಿ. ಥಾರ್ನ್ಲಿಯ ಒಂದು ವೃದ್ಧಾಶ್ರಮದಲ್ಲಿ ವಾರಕ್ಕೆ ನಾಲ್ಕು ದಿನ ಮಧ್ಯಾಹ್ನದ ಶಿಫ್ಟ್ ಸಿಕ್ಕಿತ್ತು. ಮುದುಕರ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಟೀ ಕುಡಿಸುವುದು. ಅಲ್ಲಿ ಕೊನೆಯ ಕೋಣೆಯಲ್ಲಿ ಒಬ್ಬ ಅಮೆರಿಕದ ತಾತ ಇದ್ದ.

ತೊಂಬತ್ತು ದಾಟಿದ್ದ. ಇಲ್ಲಿಯ ಹೆಂಗಸನ್ನು ಮದುವೆಯಾಗಿ ಎಂದೋ ಬಂದು ಸೇರಿಕೊಂಡವನು. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು ಅಡಿಲೇಡ್‌ನಲ್ಲಿದ್ದಳು. ಗೋಡೆಯ ಮೇಲೆ ಅವನ ಹರೆಯದ ಫೋಟೊ ಇತ್ತು: ಭುಜಕ್ಕೆ ದಪ್ಪ ಪ್ಯಾಡು, ಕಂಕುಳಲ್ಲಿ ಹೆಲ್ಮೆಟ್, ಗೂಳಿಯಂಥ ಕತ್ತು. ಕೈಯಲ್ಲಿ ಚೆಂಡು ಹಿಡಿದುಕೊಂಡು ಓಡುವ, ಎದುರಾಳಿಯನ್ನು ಗುದ್ದಿ ಕೆಡವುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ! ತಾತ ಅದನ್ನು ಸಂಬಳಕ್ಕೆ ಆಡಿದವನು. ಐವತ್ತರ ದಶಕದಲ್ಲಿ ಒಂದು ಚಾಂಪಿಯನ್‌ಷಿಪ್ ಫೈನಲ್ಲಿನಲ್ಲೂ ಆಡಿದ್ದನಂತೆ. ಅದು ಆಟ ಅನ್ನಿಸಿಕೊಳ್ಳುವ ಹಾಗೇ ಇರಲಿಲ್ಲವಂತೆ. ಒಂದು ಕಡೆಯವರು ಹೊಡೆದದ್ದೇ ಹೊಡೆದದ್ದು, ಇನ್ನೊಂದು ಕಡೆಯವರಿಗೆ ಒಂದೇ ಒಂದು ಅಂಕ ಹುಟ್ಟಲಿಲ್ಲ. ಅರ್ಧ ಆಟಕ್ಕೇ ಜನ ಎದ್ದು ಮನೆಗೆ ಹೊರಟಿದ್ದರು. ಇದನ್ನೆಲ್ಲ ತಾತನೇ ತುಂಡುತುಂಡಾಗಿ ಹೇಳಿದ್ದ. ಕೆಸರು ಅನ್ನುತ್ತಿದ್ದ, ಚಳಿ ಅನ್ನುತ್ತಿದ್ದ, ಸ್ಟ್ಯಾಂಡೆಲ್ಲ ಖಾಲಿ ಅನ್ನುತ್ತಿದ್ದ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಸೋತ ಕಡೆಯವನು ಎಂದುಕೊಂಡೆ. ಗೆದ್ದವರು ಯಾಕಾದರೂ ಅಳುತ್ತಾರೆ?

ಅವನಿಗೆ ಮರೆವಿನ ಕಾಯಿಲೆ. ದಿನಾ ನಾಲ್ಕು ಗಂಟೆಯ ಹೊತ್ತಿಗೆ ಆ ಫೈನಲ್ ಒಳಗೆ ಹೋಗಿಬಿಡುತ್ತಿದ್ದ. ಮಂಚದ ಅಂಚಿಗೆ ಸರಿದು, ಕಾಲು ಇಳಿಬಿಟ್ಟು, ನನ್ನ ತೋಳನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದು ಕೇಳುತ್ತಿದ್ದ: "ಇಟ್ಸ್ ನಾಟ್ ಓವರ್, ಈಸ್ ಇಟ್?" ಆಟ ಮುಗಿದಿಲ್ಲ ತಾನೆ?

ಅಯ್ಯೋ ಪಾಪ, ಇನ್ನೂ ಗೆಲ್ಲಬಹುದು ಎಂದು ಆಸೆ ಇಟ್ಟುಕೊಂಡಿದೆ ಜೀವ, ಅದಕ್ಕೆ ನಾನ್ಯಾಕೆ ಕಲ್ಲು ಹಾಕಲಿ? "ಯೆಸ್, ಯೆಸ್" ಎನ್ನುತ್ತಿದ್ದೆ. ಹೌದು ತಾತ, ಮುಗಿದಿಲ್ಲ ಎಂದು ನನ್ನ ಲೆಕ್ಕ. ಅಷ್ಟು ಸಾಕಾಗುತ್ತಿತ್ತು. ಹಿಡಿತ ಸಡಿಲವಾಗಿ, ನಡುಕ ನಿಂತು, ದಿಂಬಿಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಬೇರೆ ಶಿಫ್ಟಿನ ಆಸ್ಟ್ರೇಲಿಯಾದ ಹುಡುಗಿಯರೂ ಮುಗಿದಿಲ್ಲ, ಬೇಕಾದಷ್ಟು ಟೈಮಿದೆ ಎಂದೇ ಸಮಾಧಾನ ಹೇಳುತ್ತಿದ್ದರು. ಅವರು ಹೇಳಿದರೆ ಒದ್ದಾಟ ಹೆಚ್ಚುತ್ತಿತ್ತು, ಕೊನೆಗೆ ಮಾತ್ರೆ ಕೊಟ್ಟೇ ಮಲಗಿಸಬೇಕಾಗುತ್ತಿತ್ತು. ನನ್ನ ಕೈಗುಣವೇ ಬೇರೆ ಎಂದು ನಾನು ಬೀಗಿದೆ. ಇವನ ಆರ್ವೊ, ಅಂದರೆ ಮಧ್ಯಾಹ್ನ, ನಿನಗೇ ಬಿಟ್ಟದ್ದು ಎಂದು ಇನ್‌ಚಾರ್ಜ್ ಕೂಡ ಅಂದಿದ್ದಳು.

ನಾನು ಬಾಡಿಗೆಗಿದ್ದದ್ದು ವಿಲೆಟನ್‌ನಲ್ಲಿ, ಮೈಸೂರಿನ ಆಂಟಿಯೊಬ್ಬರ ಮನೆಯಲ್ಲಿ. ಅವರ ಮಗಳು ಇಲ್ಲೇ ಹುಟ್ಟಿದವಳು, ಹೈಸ್ಕೂಲಿನಲ್ಲಿದ್ದಳು. ಒಂದು ಭಾನುವಾರ ಹಿತ್ತಲಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ, ಇಟ್ಟುಕೊಂಡಿದ್ದರು. ಕೆಂಡದ ಮೇಲೆ ಜೋಳ, ಪನೀರ್ ಸುಡುತ್ತಿತ್ತು. ನೀನಿನ್ನೂ ತಿಂದಿಲ್ಲವಾ ಎಂದು ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. "ಯೆಸ್" ಅಂದೆ. ಅವಳು ನನ್ನ ಮುಂದಿದ್ದ ಖಾಲಿ ತಟ್ಟೆಯನ್ನು ಎತ್ತಿಕೊಂಡು ಹೊರಟೇಬಿಟ್ಟಳು.

"ಏಯ್, ತಟ್ಟೆ ಯಾಕೆ ತಗೊಂಡ್ಹೋಗ್ತೀಯಾ? ಹೊಟ್ಟೆ ಹಸೀತಿದೆ ನಂಗೆ!" ಎಂದು ಕೂಗಿದೆ.

"ಯು ಸೆಡ್ ಯೆಸ್!" ಅಂದಳು ಅವಳು.

ಆಂಟಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅಯ್ಯೋ ಹುಚ್ಚಿ, ಊಟ ಆಗಿಲ್ವಾ ಅಂದ್ರೆ ನಾವು 'ಹೂಂ, ಆಗಿಲ್ಲ' ಅಂತೀವಿ. ಇವರಿಗೆ ಹಾಗಲ್ಲ ಕಣೇ. ಯೆಸ್ ಅಂದ್ರೆ ಆಗಿದೆ ಅಂತ. ಆಗಿಲ್ದಿದ್ರೆ ನೋ ಅನ್ಬೇಕು. ಬಂದ ಹೊಸದ್ರಲ್ಲಿ ನಾನೂ ಹಿಂಗೇ ಯೆಸ್ ಅಂದು ಎಷ್ಟು ಸಲ ಉಪವಾಸ ಬಿದ್ದಿದೀನೋ!"

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಆಮೇಲೆ ಜೋಳ ಕಚ್ಚುತ್ತಿದ್ದವಳಿಗೆ ತಾತನ ನೆನಪಾಯಿತು. ಹಾಗಾದರೆ ಇಷ್ಟು ದಿನ ನಾನು ತಾತನಿಗೆ ಹೇಳುತ್ತಿದ್ದದ್ದು ಆಟ ಮುಗಿದುಹೋಯಿತು ಎಂದೇ? ಸೋತ ಮುದುಕನಿಗೆ, ದಿನಾ, ನಗುನಗುತ್ತಾ? ಅವನು ಮಲಗುತ್ತಿದ್ದದ್ದು ಸಮಾಧಾನದಿಂದಲ್ಲ, ಇನ್ನೇನೂ ಉಳಿದಿಲ್ಲ ಎಂದು ಆಸೆ ಬಿಟ್ಟು ಎಂದು ನನಗೆ ಅನ್ನಿಸಿತು. ನಾಚಿಕೆಯಿಂದ ಜೋಳವನ್ನು ತಟ್ಟೆಗೆ ಹಾಕಿ ಎದ್ದೆ.

ಮಾರನೆಯ ದಿನ ನಾಲ್ಕು ಗಂಟೆಗೆ ತಾತ ಮಂಚದ ಅಂಚಿಗೆ ಬಂದ, ತೋಳು ಹಿಡಿದ, ಕೇಳಿದ. ನಾನು ಅವನ ಕಿವಿಗೆ ಬಾಯಿಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದೆ: "ನೋ. ಇಟ್ಸ್ ನಾಟ್ ಓವರ್." ಮುಖ ಅರಳುತ್ತದೆ ಎಂದು ಕಾದೆ. ಮುಖದ ರಕ್ತವೇ ಇಳಿದುಹೋಯಿತು. ನನ್ನನ್ನು ದಿಟ್ಟಿಸಿ "ಪ್ಲೀಸ್" ಎಂದ. ನನಗೆ ಅರ್ಥವಾಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದೆ, ಪಾಪಿ ನಾನು. ಆಯಿತು ಎನ್ನುವ ಹಾಗೆ ತಲೆಯಾಡಿಸಿ ತೋಳು ಬಿಟ್ಟ.

ಟೀ ಲೋಟ ಎತ್ತಿಕೊಳ್ಳಲು ಆ ಕಡೆ ತಿರುಗಿದೆ. ಇಬ್ಬರು ಹಿಡಿಯದೆ ಏಳಲಾರದವನು ತಾನೇ ಎದ್ದು ನಿಂತಿದ್ದ. ಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕಿದ. ಲೋಟ ಬಿಸಾಡಿ ಓಡುವಷ್ಟರಲ್ಲಿ ಬಿದ್ದಿದ್ದ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ತೀರಿಕೊಂಡ.

ವಯಸ್ಸಾಗಿತ್ತು, ನಿನ್ನದೇನೂ ತಪ್ಪಿಲ್ಲ ಎಂದು ಇನ್‌ಚಾರ್ಜ್ ಫಾರಂ ಬರೆಸಿಕೊಂಡಳು. ಮುಂದಿನ ವಾರ ಮಗಳು ಅಡಿಲೇಡ್‌ನಿಂದ ಬಂದು ಕೋಣೆ ಖಾಲಿ ಮಾಡಿದಳು. ಅರವತ್ತರ ಹತ್ತಿರದ ಹೆಂಗಸು, ಮೆಲುಮಾತು. ನಾನು ಬಟ್ಟೆ ಮಡಿಸಿಕೊಡುತ್ತಿದ್ದೆ. ತಡೆಯಲಾರದೆ, ನಿಮ್ಮಪ್ಪ ಸೋತದ್ದನ್ನು ಕೊನೆಯವರೆಗೂ ಮರೆಯಲಿಲ್ಲ ಎಂದೆ.

"ಸೋತದ್ದಾ? ಅಪ್ಪ ಗೆದ್ದ ಟೀಮಿನವನು" ಎಂದಳು.

ಅವಳು ಫೋಟೊ ಇಳಿಸಿಕೊಂಡು ಮಂಚದ ಮೇಲೆ ಕುಳಿತು ಹೇಳಿದಳು. ಎದುರು ಟೀಮಿನಲ್ಲಿ ಅವನ ಜೀವದ ಗೆಳೆಯನಿದ್ದ, ಒಂದೇ ಕಾಲೇಜಿನಲ್ಲಿ ಒಟ್ಟಿಗೆ ಆಡಿದವರು. ಕೊನೆಯ ಭಾಗಕ್ಕೆ ಬರುವಾಗ ಗೆಲುವಿನಲ್ಲಿ ಅನುಮಾನವೇ ಉಳಿದಿರಲಿಲ್ಲ. ಆ ಗೆಳೆಯನಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಇನ್ನು ಅವನಿಗೆ ಹೊಡೆಯಲು ಮನಸ್ಸಿಲ್ಲದೆ ಇವನು ಬೆಂಚಿಗೆ ಬಂದು ಕೋಚನ್ನು ಕೇಳಿದ, ಮುಗಿದಿಲ್ಲ ತಾನೆ ಎಂದು. ಮುಗಿಯಿತು, ಕೂತುಕೋ ಎನ್ನಲಿ ಎಂಬ ಆಸೆಯಿಂದ ಕೇಳಿದ್ದು. ಕೋಚ್ "ನೋ" ಎಂದು ಮತ್ತೆ ಒಳಗೆ ಅಟ್ಟಿದ. ಇವನು ಹೋದ, ಕಲಿಸಿದ ಹಾಗೇ ಗುದ್ದಿದ. ಗೆಳೆಯ ಆಮೇಲೆ ಬದುಕಿದ್ದಷ್ಟು ದಿನವೂ ಗಾಲಿಕುರ್ಚಿ ಬಿಟ್ಟು ಏಳಲಿಲ್ಲ.

ನನ್ನ ತಪ್ಪು ಇಂಗ್ಲಿಷಿನಿಂದ ದಿನಾ ಬಿಡುಗಡೆ ಪಡೆಯುತ್ತಿದ್ದವನನ್ನು ಸರಿಯಾದ ಇಂಗ್ಲಿಷಿನಿಂದ ಕೊಂದಿದ್ದೆ ನಾನು.

"ಬೀಳೋ ಮುಂಚೆ ಅಪ್ಪ ಏನಾದ್ರೂ ಕೇಳಿದ್ರಾ?" ಎಂದು ಅವಳು ಕೇಳಿದಳು.

ಇಲ್ಲ ಅನ್ನಬಹುದಿತ್ತು. ಅನ್ನಲಾಗಲಿಲ್ಲ. "ಅದನ್ನೇ ಕೇಳಿದ್ರು. ನಾನೂ ನೋ ಅಂದೆ" ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ಫೋಟೊವನ್ನು ಟವೆಲಿನಲ್ಲಿ ಸುತ್ತಿ ಚೀಲದೊಳಗಿಟ್ಟು, "ಅದಕ್ಕೇ ಎದ್ದು ಹೊರಟಿದ್ದಾರೆ" ಎಂದಳು.