ಮೊದಲ ತನಿ

ನಾನು ಚಿಕ್ಕವನಿದ್ದಾಗ ಹೂಡಿಯ ನಮ್ಮ ಮನೆಯಲ್ಲಿ ಇಬ್ಬರು ತಾಯಂದಿರಿದ್ದರು. ದೊಡ್ಡಮ್ಮ ಅಪ್ಪನ ಮೊದಲ ಹೆಂಡತಿ, ಅಕ್ಕನ ತಾಯಿ. ಗಂಡುಮಗು ಬೇಕೆಂದು ಅಪ್ಪ ಅವಳ ತಂಗಿಯನ್ನೇ ಮತ್ತೆ ಮದುವೆಯಾದ. ಆ ತಂಗಿಯ ಮಗ ನಾನು. ಆದರೂ ಮನೆಗೆ ಹಿರಿಯಳು ದೊಡ್ಡಮ್ಮನೇ. ನಾಗರಪಂಚಮಿಯ ದಿನ ಹೊಲದ ಬದುವಿನ ಹುತ್ತಕ್ಕೆ ಮೊದಲ ತನಿ, ಅಂದರೆ ಮೊದಲ ಹಾಲು, ಎರೆಯುವ ಹಕ್ಕು ಅವಳದು.

ಎರೆದ ಮೇಲೆ ಕತೆ ಹೇಳುತ್ತಿದ್ದಳು. ಕದ್ರು, ವಿನತೆ ಅಕ್ಕತಂಗಿಯರು, ಒಬ್ಬನನ್ನೇ ಮದುವೆಯಾದವರು. ದೇವಲೋಕದ ಕುದುರೆಯ ಬಾಲ ಬಿಳುಪೋ ಕಪ್ಪೋ ಎಂದು ಪಂಥ ಕಟ್ಟಿದರು. ಕದ್ರುವಿನ ಹಾವುಮಕ್ಕಳು ಬಾಲಕ್ಕೆ ಸುತ್ತಿಕೊಂಡು ಅದನ್ನು ಕಪ್ಪಾಗಿಸಿದವು. ಸೋತ ವಿನತೆ ತಂಗಿ ಮನೆಯ ದಾಸಿಯೋ, ಅಕ್ಕನ ಮನೆಯ ದಾಸಿಯೋ ಆದಳು. ಯಾರು ದೊಡ್ಡವಳೆಂಬುದೇ ನನಗೀಗ ಅನುಮಾನ. ಕೊನೆಗೆ ಮಗ ಗರುಡ ಬಂದು ಬಿಡಿಸಿದ.

ಒಂದು ವರ್ಷ ಪಂಚಮಿಗೆ ಜಿಟಿಜಿಟಿ ಮಳೆ. ಒದ್ದೆ ಮಣ್ಣು, ಅರಿಶಿನ, ನೆನೆದ ಕಡಲೆಯ ವಾಸನೆ. ಬೇಲಿಯಾಚೆ ಕಾರ್ಖಾನೆಯ ಸೈರನ್ ಕೂಗಿತು. ದೊಡ್ಡಮ್ಮ ಚೊಂಬು ಬಗ್ಗಿಸಬೇಕು, ಅಷ್ಟರಲ್ಲಿ ಅಪ್ಪ ಅಂದ:

"ತಡಿಯಮ್ಮಿ. ಗಂಡು ಹೆತ್ತೋಳು ಮೊದ್ಲು ಉಯ್ಲಿ."

"ಬ್ಯಾಡ, ಅಕ್ಕಯ್ಯನೇ ಉಯ್ಲಿ" ಎಂದು ಅಮ್ಮ ಹೇಳಿದಳೇ? ಹೇಳಿದಳೆಂದು ನಂಬಲು ಆಸೆ. ಕೇಳಿದ ನೆನಪಿಲ್ಲ. ಅಮ್ಮ ತನ್ನ ಚೊಂಬಿನಿಂದ ಎರೆದದ್ದು ಮಾತ್ರ ನಿಜ.

ಅಂದು ದೊಡ್ಡಮ್ಮನ ಕತೆ ವಿನತೆ ದಾಸಿಯಾದಲ್ಲಿಗೇ ನಿಂತಿತು.

"ಗರುಡ ಬರ್ತಾನಲ್ಲವ್ವಾ?" ಅಕ್ಕ ಕೇಳಿದಳು.

"ಅವ್ಳಿಗೆ ಗಂಡುಮಗ ಇದ್ದ ಕಣೆ. ನಂಗ್ಯಾರವ್ರೆ?"

"ನಾನಿಲ್ವಾ?"

ದೊಡ್ಡಮ್ಮ ತುಂಬಿದ ಚೊಂಬನ್ನು ಹಾಗೇ ಹೊತ್ತು ಮನೆಯತ್ತ ನಡೆದಳು.

ಪಂಚಮಿಯಂದು ತಮ್ಮನ ಬೆನ್ನಿಗೂ ಅಕ್ಕ ತನಿ ಎರೆಯಬೇಕು. ನಾನು ಅಂಗಿ ಬಿಚ್ಚಿ, ಅವಳಿಗೆ ಬೆನ್ನು ಕೊಟ್ಟು ಕೂತೆ. ಬೆನ್ನು ತಣ್ಣಗಾಯಿತು. ತಿರುಗಿ ನೋಡಿದರೆ ಅಕ್ಕ ಇರಲಿಲ್ಲ. ಬಿದ್ದದ್ದು ಹಾಲೋ, ಮಳೆಯೋ?

ಮರುದಿನವೇ ದೊಡ್ಡಮ್ಮ ಅಕ್ಕನನ್ನು ಕರೆದುಕೊಂಡು ತವರಿಗೆ ಹೊರಟುಹೋದಳು. ಅಮ್ಮನಿಗೂ ಅದೇ ತವರು. ಅವಳು ಮತ್ತೆಂದೂ ಅಲ್ಲಿಗೆ ಕಾಲಿಡಲಿಲ್ಲ.

ಹಾವು ಹಾಲು ಕುಡಿಯುವುದಿಲ್ಲ ಎಂದು ಮುಂದೆ ಕಾಲೇಜಿನಲ್ಲಿ ಕಲಿತೆ. ಅದರಿಂದ ಯಾರೂ ಹಿಂತಿರುಗಲಿಲ್ಲ.

ಮಕ್ಕಳೇ, ಹುತ್ತವಿದ್ದಲ್ಲಿ ಈಗ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಇದೆ. ಸರಿಯಾಗಿ ಅಲ್ಲೇ ಎಂದು ಆಣೆ ಮಾಡಲಾರೆ. ನೀವು ಅಣ್ಣತಂಗಿ "ನಾನ್ ಫಸ್ಟು!" ಎಂದು ನೂಕಾಡುತ್ತಾ ಒಳನುಗ್ಗುತ್ತೀರಿ. ಮನೆ ಬಾಗಿಲು ಬರುವಷ್ಟರಲ್ಲಿ ಯಾರು ಮೊದಲು ಎಂಬುದೇ ನಿಮಗೆ ಮರೆತಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮರೆಯಲಿಲ್ಲ. ಹಾಲೋ ಮಳೆಯೋ ಎಂದು ಅಕ್ಕನನ್ನು ಕೇಳಬಹುದಿತ್ತು. ಈಗ ಅವಳೂ ಇಲ್ಲ.