ಮೇಡಂ ಬಿಟ್ಟ ಹಕ್ಕಲು

ಹೋದ ವಾರ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಇಳಿದಾಗ ತಳ್ಳುಗಾಡಿಯೊಂದರ ಮೇಲೆ ಹಸಿ ಶೇಂಗಾ ಗಿಡಗಳನ್ನು ಕಾಯಿ ಸಮೇತ ಕಟ್ಟು ಕಟ್ಟಿ ಒಟ್ಟಿದ್ದರು. ಬೇರಿಗೆ ಅಂಟಿದ ಕೆಂಪು ಮಣ್ಣು ಇನ್ನೂ ಒಣಗಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕಂಪ್ಯೂಟರ್ ಮೇಡಂ ನೆನಪಾದರು. ಶೇಂಗಾ ವಾಸನೆಗೆ ಬೇರೆಯವರಿಗೆ ಹೊಲ ನೆನಪಾಗುತ್ತದೋ, ಅಡುಗೆಮನೆ ನೆನಪಾಗುತ್ತದೋ. ನನಗೆ ನೆನಪಾಗುವುದು ಕಾಲೇಜಿನ ಲ್ಯಾಬು, ಅದರ ಮೂಲೆಯಲ್ಲಿದ್ದ ಮೇಡಂ ಮೇಜು, ಆ ಮೇಜಿನ ಖಾನೆಯಲ್ಲಿ ಸದಾ ಬಿದ್ದಿರುತ್ತಿದ್ದ ಶೇಂಗಾ ಕಾಯಿ...

ಅವರ ಊರು ನನ್ನಿವಾಳ. ಹೊಲ ಮನೆ ಇದ್ದವರು, ಮನೆಯಲ್ಲಿ ಮೊದಲು ಎಂ.ಎಸ್ಸಿ. ಮಾಡಿದವರು. ಲ್ಯಾಬಿನೊಳಗೆ ತಿಂಡಿ ತರಬಾರದು ಎಂದು ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದವರೂ ಅವರೇ, ಊರಿಂದ ತಂದ ಕಾಯಿಯನ್ನು ಇಡೀ ದಿನ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದವರೂ ಅವರೇ. ಕೀಬೋರ್ಡಿನ ಸಂದಿಯಲ್ಲಿ ಸಿಪ್ಪೆ ಸಿಕ್ಕರೆ ಯಾರದು ಎಂದು ಮಕ್ಕಳು ಕೇಳುತ್ತಿರಲಿಲ್ಲ, ಸುಮ್ಮನೆ ಊದಿ ಕೆಲಸ ಮುಂದುವರಿಸುತ್ತಿದ್ದರು.

ನಾನು ಆಗ ಅಲ್ಲಿ ಅತಿಥಿ ಉಪನ್ಯಾಸಕಿ. ಇವತ್ತಿಗೂ ಅತಿಥಿಯೇ ಅನ್ನಿ. ಮೊಳಕಾಲ್ಮುರಿನ ನೇಯ್ಗೆ ಮನೆಯವಳು, ಮಾತು ಅರ್ಧ ತೆಲುಗು ಅರ್ಧ ಕನ್ನಡ, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಅತಿಥಿ ಎಂಬ ಹೆಸರಿಗೆ ತಕ್ಕ ಉಪಚಾರವೇನೂ ಇರಲಿಲ್ಲ, ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿಗೂ ಬಾಯಿ ಮಾಡಬೇಕಿತ್ತು. ನಾನು ಬಾಯಿ ಮಾಡಿದ್ದನ್ನು ಕೇಳಿಸಿಕೊಂಡ ಮೇಡಂ, ಲ್ಯಾಬಿಗೆ ಬಂದು ತಮ್ಮ ಮೇಜಿನ ಆ ಕಡೆ ಕೂತುಕೋ ಅಂದರು. ಹಾಗೆ ಶುರುವಾಯಿತು.

ಲ್ಯಾಬಿನಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ನಾವು ಬಳಸುತ್ತಿದ್ದದ್ದು ಒಂದು ಓಪನ್ ಸೋರ್ಸ್ ತಂತ್ರಾಂಶ. ಅದಕ್ಕೆ ಒಬ್ಬ ಯಜಮಾನ ಅಂತ ಇಲ್ಲ. ಯಾವ ಯಾವುದೋ ದೇಶದವರು ಬಿಡುವಾದಾಗ ಕೂತು ಕಟ್ಟುತ್ತಾರೆ, ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ, ಮೊದಲ ಪ್ರೋಗ್ರಾಂ ಬರೆಯುವುದು ಹೇಗೆ ಎಂದು ತಿಳಿಸುವ ಪುಟಗಳಿವೆ. ಡಾಕ್ಯುಮೆಂಟೇಶನ್ ಅನ್ನುತ್ತಾರೆ. ಆ ಪುಟಗಳ ಕನ್ನಡ ಬರಹ ಪೂರ್ತಿ ನಮ್ಮ ಮೇಡಂ ಕೈಯದು. ನಾನು ಇದನ್ನು ಮೊದಲು ಕೇಳಿದಾಗ ಸಂಬಳ ಎಷ್ಟು ಕೊಡುತ್ತಾರೆ ಎಂದು ವಿಚಾರಿಸಿದೆ. ಮೇಡಂ ನಕ್ಕು, ಎರಡು ಕಾಯಿ ನನ್ನ ಕಡೆ ತಳ್ಳಿದರು.

ಆದರೆ ಅವರಿಗೆ ಒಂದು ಚಿಂತೆ ಹತ್ತಿತ್ತು. ಆ ಯೋಜನೆಯಲ್ಲಿ ಒಂದು ನಿಯಮವಿದೆ. ಒಬ್ಬರು ಬರೆದದ್ದನ್ನು ಅದೇ ಭಾಷೆ ಬಲ್ಲ ಇನ್ನೊಬ್ಬರು ಓದಿ ಒಪ್ಪಬೇಕು, ತಾನು ಬರೆದದ್ದಕ್ಕೆ ತಾನೇ ಒಪ್ಪಿಗೆ ಕೊಡುವಂತಿಲ್ಲ. ಮೇಡಂ ಜೊತೆ ಮೊದಲಿಗೆ ಇದ್ದವರು ಯಾಕೋ ಏನೋ ಬರುವುದನ್ನೇ ಬಿಟ್ಟಿದ್ದರು. ಮುಂದಿನ ಆವೃತ್ತಿ ಹೊರಬರುವುದರೊಳಗೆ ಕನ್ನಡಕ್ಕೆ ಇನ್ನೊಬ್ಬರು ಸಿಗದಿದ್ದರೆ ಕನ್ನಡ ಪುಟಗಳನ್ನು ಇಳಿಸಿಬಿಡುತ್ತೇವೆ ಎಂದು ಯೋಜನೆಯ ಉಸ್ತುವಾರಿ ನೋಡುವ ಮೇಲಿನವರು ತಿಳಿಸಿದ್ದರು. ಅವರದ್ದೂ ತಪ್ಪಲ್ಲ. ನೋಡುವವರಿಲ್ಲದ ಪುಟ ಹಳೆಯದಾಗುತ್ತದೆ, ಹಳೆಯ ಪುಟ ನಂಬಿದವರನ್ನು ಕೆಡಿಸುತ್ತದೆ. ಆ ಇನ್ನೊಬ್ಬರು ಕೂಡ ಸುಮ್ಮನೆ ಹೆಸರು ಕೊಟ್ಟರೆ ಆಗುವುದಿಲ್ಲ, ಸಣ್ಣಪುಟ್ಟ ತಿದ್ದುಪಡಿಗಳನ್ನು ಮಾಡುತ್ತಾ ಪಳಗಿದವರೇ ಆಗಬೇಕು.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಇಂಗ್ಲಿಷ್ ಪುಟ ತೆಗೆದರೆ ಅವರ ಮುಖ ಬಾಡುವುದನ್ನು ನಾನೂ ನೋಡಿದ್ದೆ. ಕನ್ನಡ ಪುಟ ಹೋದರೆ ಅವರಲ್ಲಿ ಅರ್ಧ ಜನ ಮೊದಲ ದಿನವೇ ಕೈಚೆಲ್ಲುತ್ತಾರೆ ಎಂಬುದು ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ನನ್ನ ಬೆನ್ನು ಹತ್ತಿದ್ದು.

ನನಗೆ ಕಲಿಸಿದ ರೀತಿ ಮಾತ್ರ ವಿಚಿತ್ರವಾಗಿತ್ತು. ಬರೆ ಅನ್ನಲಿಲ್ಲ, ತಿದ್ದು ಅನ್ನಲಿಲ್ಲ. ಒಂದು ದಿನ ಮಧ್ಯಾಹ್ನ ಖಾಲಿ ಇದ್ದ ಕಂಪ್ಯೂಟರಿನ ಮುಂದೆ ಕೂರಿಸಿ, ಕನ್ನಡ ಪುಟ ನೋಡಿಕೊಂಡು ಆ ತಂತ್ರಾಂಶವನ್ನು ಹಾಕು ಅಂದರು. ವರ್ಷಗಟ್ಟಲೆ ಮಕ್ಕಳಿಗೆ ಹಾಕಿಕೊಟ್ಟವಳಿಗೆ ಇದೆಂಥ ಪರೀಕ್ಷೆ ಎಂದು ಗೊಣಗಿದೆ.

"ನಿಂಗೆ ಗೊತ್ತಿರೋದೆಲ್ಲ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾ. ಪುಟ ಏನು ಹೇಳ್ತೈತೋ ಅಷ್ಟೇ ಮಾಡು," ಅಂದರು.

ಮಾಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಿಂತುಬಿಟ್ಟೆ. ಕಪ್ಪು ಕಿಟಕಿಯಲ್ಲಿ ಈ ಸಾಲನ್ನು ಟೈಪ್ ಮಾಡಿ ಎಂದು ಪುಟ ಹೇಳುತ್ತಿತ್ತು, ಆ ಕಪ್ಪು ಕಿಟಕಿಯನ್ನು, ಅಂದರೆ ಕಂಪ್ಯೂಟರಿಗೆ ಆಜ್ಞೆ ಬರೆಯುವ ಪರದೆಯನ್ನು, ತೆರೆಯುವುದು ಹೇಗೆಂದು ಎಲ್ಲಿಯೂ ಹೇಳಿರಲಿಲ್ಲ. ನನ್ನ ಬೆರಳು ಅಭ್ಯಾಸಬಲದಿಂದ ತೆರೆಯಲು ಹೋದರೆ ಮೇಡಂ ಕೈ ಮೇಲೆ ಮೆಲ್ಲಗೆ ಹೊಡೆದರು. ಎಲ್ಲಿ ನಿಂತೆಯೋ ಅಲ್ಲಿಗೆ ಬೇಕಾದ ಒಂದು ಸಾಲು ಬರೆದು ಕಳಿಸು, ಶುರು ಮಾಡುವುದು ಅಂದರೆ ಅಷ್ಟೇ ಎಂದು ಹೇಳಿದರು. ಖಾತೆ ತೆರೆಯುವುದು, ಪುಟದ ನಕಲನ್ನು ನನ್ನ ಖಾತೆಗೆ ತರುವುದು, ತಿದ್ದುವುದು, ಯಾಕೆ ತಿದ್ದಿದೆ ಎಂದು ಎರಡು ಮಾತು ಬರೆದು ಕಳಿಸುವುದು, ಎಲ್ಲ ಪಕ್ಕದಲ್ಲಿ ಕೂತು ಮಾಡಿಸಿದರು. ಮೌಸ್ ಅನ್ನು ಮಾತ್ರ ಒಮ್ಮೆಯೂ ಮುಟ್ಟಲಿಲ್ಲ.

ಅವರು ಒಪ್ಪಿಗೆ ಕೊಟ್ಟ ಮೇಲೆ ನನ್ನ ಸಾಲು ಪುಟದಲ್ಲಿ ಕಾಣಿಸಿತು. ಸುಳ್ಳು ಯಾಕೆ, ಭಾರೀ ಖುಷಿಯಾಯಿತು. ಊರಿಗೆ ಹೋಗುವ ದಾರಿಯಲ್ಲಿ ತಳಕು ದಾಟುವವರೆಗೂ ಬಸ್ಸಿನಲ್ಲಿ ಮೊಬೈಲ್ ತೆಗೆದು ತೆಗೆದು ಅದನ್ನೇ ನೋಡಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರ ಫೋಟೋ ಎಂದು ಬಗ್ಗಿ ನೋಡಿ, ಬರೀ ಅಕ್ಷರ ಕಂಡು ಕಿಟಕಿ ಕಡೆ ತಿರುಗಿಕೊಂಡಳು.

ಆ ಖುಷಿಯಲ್ಲೇ ಎಡವಟ್ಟು ಮಾಡಿಕೊಂಡೆ. ದಸರಾ ರಜೆ ಬಂತು. ಮನೆಯಲ್ಲಿ ಅಪ್ಪನ ಮಗ್ಗ ಲಟಪಟ ಅನ್ನುತ್ತಿದ್ದರೆ ನಾನು ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕನ್ನಡ ಪುಟಗಳನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಎಷ್ಟೊಂದು ತಪ್ಪು! ಬಿಟ್ಟುಹೋದ ಅಕ್ಷರ, ಎರಡು ಸಲ ಬಂದ ಪದ, ಮುರಿದ ವಾಕ್ಯ, ಹಳೆಯ ಚಿತ್ರ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಚುಕ್ಕೆ ತಪ್ಪಿದರೂ ಬಿಡದ ಮೇಡಂ ಕಣ್ಣಿಗೆ ಇವು ಬಿದ್ದಿಲ್ಲವಲ್ಲ ಎಂದು ಒಳಗೊಳಗೆ ಸ್ವಲ್ಪ ಜಂಭವೂ ಬಂತು. ಮಗ್ಗದ ಮನೆಯಲ್ಲಿ ಬೆಳೆದವಳು ನಾನು. ಸೀರೆಯಲ್ಲಿ ಒಂದು ಎಳೆ ತಪ್ಪಿದರೆ ಅಪ್ಪ ಅನ್ನ ಬಿಟ್ಟು ಎದ್ದು ಬರುತ್ತಿದ್ದರು. ರಜೆ ಮುಗಿಯುವುದರೊಳಗೆ ಒಂದೂ ಬಿಡದೆ ತಿದ್ದಿ, ಎಲ್ಲವನ್ನೂ ಒಟ್ಟಿಗೆ ಕಳಿಸಿದೆ. ಶಭಾಷ್ ಅನ್ನುತ್ತಾರೆ ಎಂದು ಕಾದೆ.

ಶಭಾಷ್ ಬರಲಿಲ್ಲ. ರಜೆ ಮುಗಿಸಿ ಲ್ಯಾಬಿಗೆ ಹೋದರೆ ಮೇಡಂ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಕಾಯಿ ಸುಲಿಯುವ ಸದ್ದೂ ಇರಲಿಲ್ಲ. ಏನಾಯಿತು ಎಂದು ನಾನೇ ಕೇಳಬೇಕಾಯಿತು.

"ನಮ್ಮ ಹೊಲ್ದಾಗೆ ಶೇಂಗಾ ಕಿತ್ತ ಮೇಲೆ ನಮ್ಮವ್ವ ಎರಡನೇ ಸಲ ಅತ್ತ ಕೈ ಹಾಕ್ತಿರಲಿಲ್ಲ," ಅಂದರು. "ಮಣ್ಣಾಗೆ ಉಳಿದದ್ದು ಹಕ್ಕಲು ಆಯೋರಿಗೆ. ಈ ಪುಟದಾಗೂ ನಾನು ಹಂಗೇ ಬಿಟ್ಟಿದ್ದೆ ಕಣಮ್ಮ. ನೀನು ಒಂದು ಕಾಯಿ ಬಿಡದಂಗೆ ಆಯ್ಕೊಂಡು ಬಂದೀಯ. ಇನ್ನು ಹೊಸಬರು ಏನು ನೋಡಿ ಹೊಲಕ್ಕೆ ಇಳೀತಾರೆ?"

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಶೇಂಗಾ ಕಿತ್ತ ಹೊಲಕ್ಕೆ ಮುದುಕಿಯರು, ಮಕ್ಕಳು ಮೊರ ಹಿಡಿದು ಇಳಿಯುತ್ತಾರೆ, ಮಣ್ಣು ಕೆದಕಿ ಉಳಿದ ಕಾಯಿ ಆಯುತ್ತಾರೆ. ಹೊಲದವರು ಬೇಡ ಅನ್ನುವುದಿಲ್ಲ. ತನ್ನ ಹೊಲದ ಹಕ್ಕಲನ್ನು ತಾನೇ ಆಯ್ದುಕೊಂಡವರನ್ನು ಊರಿನವರು ಆಡಿಕೊಳ್ಳುತ್ತಾರೆ. ಗೊತ್ತಿದ್ದೂ ಕಂಪ್ಯೂಟರಿನ ಪುಟಕ್ಕೂ ಅದಕ್ಕೂ ಏನು ಸಂಬಂಧ ಎಂದು ನನಗೆ ಸಿಟ್ಟೇ ಬಂತು. ತಪ್ಪು ಎಂದು ತಿಳಿದೂ ಬಿಡುವುದು ಯಾವ ಊರ ನ್ಯಾಯ, ಓದಿದವರು ಏನಂದುಕೊಳ್ಳಬೇಕು ಎಂದು ದನಿ ಏರಿಸಿಯೇ ಕೇಳಿದೆ.

ಮೇಡಂ ದನಿ ಏರಿಸಲಿಲ್ಲ. ಎಲ್ಲ ತಪ್ಪೂ ಒಂದೇ ಅಲ್ಲ ಎಂದು ವಿವರಿಸಿದರು. ತಪ್ಪು ಆಜ್ಞೆ, ಒತ್ತಿದರೆ ಎಲ್ಲಿಗೂ ಹೋಗದ ಸತ್ತ ಕೊಂಡಿ, ಬಿಟ್ಟುಹೋದ ಹೆಜ್ಜೆ, ಇಂಥವು ಹೊಸಬರನ್ನು ಅಲ್ಲೇ ಕೆಡವುತ್ತವೆ. ಅವನ್ನು ಕಂಡ ದಿನವೇ ತಿದ್ದಬೇಕು, ಒಂದು ಗಳಿಗೆ ಕಾಯಬಾರದು. ನನಗೆ ಸಿಕ್ಕ ಕಪ್ಪು ಕಿಟಕಿಯದು ಅಂಥದ್ದು, ಅದು ತಮ್ಮ ಕಣ್ಣು ತಪ್ಪಿದ್ದು ನಿಜ ಎಂದು ಒಪ್ಪಿಕೊಂಡರು. ಆದರೆ ಒಂದು ಪದ ಎರಡು ಸಲ ಬಂದರೆ ಯಾರಿಗೂ ನಷ್ಟವಿಲ್ಲ. ಮೊದಲ ಸಲ ಬಂದವರಿಗೆ ದೊಡ್ಡ ಕೆಲಸ ಮಾಡಲು ಧೈರ್ಯ ಬರುವುದಿಲ್ಲ, ಅಂಥವರ ಕೈಗೆ ಎಟುಕುವ ಕಾಯಿ ಅದು. ಅದನ್ನು ತಿದ್ದಿ ಕಳಿಸಿದರೆ ದಾರಿ ಗೊತ್ತಾಗುತ್ತದೆ, ಭಯ ಹೋಗುತ್ತದೆ, ಇನ್ನೊಮ್ಮೆ ಬರುತ್ತಾರೆ. ಹಾಗೆ ಬಂದವರಲ್ಲಿ ಒಬ್ಬರಾದರೂ ಉಳಿಯುತ್ತಾರೆ. ಆ ಒಬ್ಬರಿಗಾಗಿಯೇ ತಾವು ಕಾಯುತ್ತಿರುವುದು ಎಂದರು.

ನಾನು ಕಳಿಸಿದ್ದನ್ನು ವಾಪಸ್ ತೆಗೆದುಕೊಂಡೆ. ಮನಸ್ಸಿಲ್ಲದ ಮನಸ್ಸಿನಿಂದಲೇ. ಹೊಸಬರನ್ನು ಕೆಡವುವಂಥವನ್ನು ಮಾತ್ರ ಆರಿಸಿ, ಒಂದೊಂದಾಗಿ ಮತ್ತೆ ಕಳಿಸಿದೆ. ಉಳಿದ ತಪ್ಪುಗಳು ಪುಟದಲ್ಲಿ ಹಾಗೇ ಉಳಿದವು. ಕಂಡಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಮೇಡಂ ಪ್ರತಿ ಸೆಮಿಸ್ಟರಿನಲ್ಲಿ ಮಕ್ಕಳಿಗೆ ಪುಟ ತೋರಿಸಿ, ಇದರಲ್ಲಿ ಒಂದು ತಪ್ಪು ಹುಡುಕಿ ನೋಡೋಣ ಎಂದು ಬಿಡುತ್ತಿದ್ದರು. ಮೇಡಂ ಮಾಡಿದ ತಪ್ಪು ಹುಡುಕುವುದೆಂದರೆ ಮಕ್ಕಳಿಗೆ ಹಬ್ಬ. ಒಂದು ತಿದ್ದಿದವರು ಬಹಳ ಜನ, ಮತ್ತೆ ಬಂದವರು ಕಡಿಮೆ. ಆವೃತ್ತಿ ಹೊರಬರುವ ಹೊತ್ತಿಗೆ ಆ ಇನ್ನೊಬ್ಬಳು ನಾನೇ ಆದೆ. ಕನ್ನಡ ಪುಟಗಳು ಉಳಿದವು. ಮೇಲಿನವರು ಒಪ್ಪಿದ ದಿನ ಮೇಡಂ ನನಗೆ ಒಂದು ಚೀಲ ಕಾಯಿ ತಂದುಕೊಟ್ಟರು. ಅವ್ವ ಅದನ್ನು ಹುರಿದು ಚಟ್ನಿಪುಡಿ ಮಾಡಿದಳು.

ಆಮೇಲೆ ನಾವಿಬ್ಬರೂ ಸೇರಿ ಬಹಳ ಪುಟ ಬರೆದೆವು, ಬಹಳ ಜಗಳವಾಡಿದೆವು... ಈಗ ಯಾವ ಜಗಳ ಯಾತಕ್ಕೆ ಎಂಬುದು ನೆನಪಿಲ್ಲ.

ಒಂದು ದಿನ ಹೊಟ್ಟೆನೋವು ಎಂದು ರಜೆ ಹಾಕಿದ ಮೇಡಂ ಮತ್ತೆ ಲ್ಯಾಬಿಗೆ ಬರಲಿಲ್ಲ. ದಾವಣಗೆರೆಯ ಆಸ್ಪತ್ರೆಗೆ ಹೋಗಿ ನೋಡಿದಾಗ ಬಹಳ ಸೊರಗಿದ್ದರು.

"ಪುಟ ನೋಡೋಕೆ ನಿನ್ನ ಜೊತೆಗೆ ಯಾರಾದ್ರೂ ಸಿಕ್ರಾ?" ಎಂದು ಕೇಳಿದರು.

ಇನ್ನೂ ಇಲ್ಲ ಅಂದೆ. ಸಿಗುತ್ತಾರೆ, ಅವಸರ ಮಾಡಬೇಡ ಎಂದರು. ಆ ತಿಂಗಳೇ ತೀರಿಕೊಂಡರು. ನನ್ನಿವಾಳದಲ್ಲಿ ಅವರ ಹೊಲದಲ್ಲೇ ಮಣ್ಣು ಮಾಡಿದರು. ಕಾಲೇಜಿನಲ್ಲಿ, ಹಳೆಯ ವಿದ್ಯಾರ್ಥಿಗಳಿಗೆ, ಆ ಯೋಜನೆಯ ಪರದೇಶದವರಿಗೆ, ಎಲ್ಲರಿಗೂ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದೇ ವಾಕ್ಯವನ್ನು ಅವರಿವರಿಗೆ ಬರೆದೂ ಬರೆದೂ ಕೊನೆಗೆ ಅದರ ಅರ್ಥವೇ ಹೋಗಿಬಿಟ್ಟಿತ್ತು. ಅಳು ಕೂಡ ಬರಲಿಲ್ಲ.

ಈಗ ಕನ್ನಡಕ್ಕೆ ನಾನೊಬ್ಬಳೇ. ಮೇಲಿನವರಿಂದ ಅದೇ ಎಚ್ಚರಿಕೆ ಮತ್ತೆ ಬಂದಿದೆ. ಮೇಡಂ ಬಿಟ್ಟ ಸಣ್ಣ ತಪ್ಪುಗಳು ಒಂದೊಂದಾಗಿ ಖಾಲಿಯಾಗುತ್ತಾ ಬಂದಿವೆ. ಈ ವರ್ಷ ಅವನ್ನು ಹೆಚ್ಚಾಗಿ ತಿದ್ದಿದ್ದು ಎರಡನೇ ವರ್ಷದ ಒಬ್ಬ ಹುಡುಗಿ. ಅವಳ ಮನೆಯವರು ವರವು ಕಾವಲ್ ಹುಲ್ಲುಗಾವಲಿನ ಕಡೆ ಕುರಿ ಮೇಯಿಸುವವರು. ಅವಳು ಕಾಲೇಜಿಗೆ ಸೇರುವಷ್ಟರಲ್ಲಿ ಮೇಡಂ ಇರಲಿಲ್ಲ, ಅವರು ಯಾರೆಂದೂ ಅವಳಿಗೆ ಗೊತ್ತಿಲ್ಲ.

ಹೋದ ವಾರ, ಬಸ್ಸಿಳಿದು ಲ್ಯಾಬಿಗೆ ಹೋದ ಆ ದಿನವೇ ಅವಳು ಬಂದು ಪಕ್ಕದಲ್ಲಿ ನಿಂತಳು. ಹೊಸದೊಂದು ತಿದ್ದುಪಡಿ ಕಳಿಸಿದ್ದೇನೆ, ನೋಡಿ ಅಂದಳು. ತೆರೆದೆ. ಮೊದಲ ಪುಟದ ಕೊನೆಯ ಸಾಲು. ಇಷ್ಟಾದರೂ ಬರದಿದ್ದರೆ ನನ್ನನ್ನು ಕೇಳಿ, ಬೈಯುವುದಿಲ್ಲ ಎಂದು ಬರೆದು ಮೇಡಂ ತಮ್ಮ ಇಮೇಲ್ ವಿಳಾಸ ಕೊಟ್ಟಿದ್ದರು. ನಾನು ಆ ಸಾಲನ್ನು ಎಷ್ಟೋ ಸಲ ನೋಡಿದ್ದೆ. ಅದು ಹಕ್ಕಲಿಗೆ ಬಿಟ್ಟದ್ದಲ್ಲ, ಹೊಸಬರನ್ನು ಕೆಡವುವಂಥದ್ದು, ಅವರು ಹೋದ ದಿನವೇ ನಾನು ತಿದ್ದಬೇಕಾಗಿದ್ದದ್ದು. ಕೈ ಬಂದಿರಲಿಲ್ಲ.

"ಈ ವಿಳಾಸಕ್ಕೆ ಬರೆದಿದ್ದೆ ಮೇಡಂ. ರಜೆ ಪೂರ್ತಿ ಕಾದೆ, ಉತ್ತರಾನೇ ಬರಲಿಲ್ಲ," ಎಂದಳು ಹುಡುಗಿ. "ಅದಕ್ಕೇ ತೆಗೆದು ನನ್ನದು ಹಾಕೀನಿ. ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ. ಹಾಕಬಹುದಾ?"

ನನಗೆ ಅಲ್ಲೇ ಅಳು ಬಂತು. ಲ್ಯಾಬಿನ ತುಂಬ ಮಕ್ಕಳಿದ್ದರು. ಏನಾಯಿತೆಂದು ಅವಳು ಗಾಬರಿಯಾದಳು, ತಪ್ಪಾಯಿತೇನೋ ಎಂದು ಅಳಿಸಲು ಹೋದಳು. ಬೇಡ, ಸರಿಯಾಗಿದೆ ಎಂದು ಹೇಳಿ ಒಪ್ಪಿಗೆ ಒತ್ತಿದೆ. ಮೇಡಂ ತೀರಿಕೊಂಡರೆಂದು ಊರಿಗೆಲ್ಲ ಹೇಳಿದವಳು ನಾನು. ಆ ಪುಟಕ್ಕೆ ಮಾತ್ರ ಹೇಳಿರಲಿಲ್ಲ.