ನೋಟ್‌ಬುಕ್ಕಿನಲ್ಲಿ ಬರೆದ ‘ಡಿಮ್’

ಅಳವಂಡಿ ಹತ್ತಿರದ ಊರಿನ ಸಾಲಿಯಲ್ಲಿ ನಾನು ಐದನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗಿಯ ಮೇಲೆ ಮೊದಲಿನಿಂದಲೂ ನನಗೆ ಅನುಮಾನ. ಬೋರ್ಡ್ ನೋಡದೆ ಪಕ್ಕದವಳ ನೋಟ್‌ಬುಕ್ಕನ್ನೇ ನೋಡಿ ಬರೆಯುತ್ತಿದ್ದಳು. ಒಂದು ದಿನ ಎಬ್ಬಿಸಿ ಗೋಡೆ ಪಕ್ಕ ಒಬ್ಬಳನ್ನೇ ಕೂಡಿಸಿದೆ. ಪುಟ ಖಾಲಿ ಉಳಿಯಿತು.

“ಯಾಕ ಬರೀಲಿಲ್ಲ?”

“ಕಾಣಂಗಿಲ್ರಿ ಟೀಚರ್. ಎಲ್ಲಾ ಮಬ್ಬು.”

ಸುಳ್ಳಿರಬಹುದೆಂದು ಬೋರ್ಡಿನ ಬಳಿಯಿಂದ ಮೂರು ಬೆರಳು ತೋರಿಸಿದೆ. ಕಣ್ಣು ಕಿರಿದು ಮಾಡಿ “ಎರಡು” ಅಂದಳು. ಹಾಗೇ ಬೆರಳು ಎತ್ತಿಕೊಂಡು ಒಂದೊಂದೇ ಹೆಜ್ಜೆ ಹತ್ತಿರ ಹೋದೆ. ತೀರ ಹತ್ತಿರವಾದ ಮೇಲೆ “ಮೂರ್ರಿ” ಅಂದಳು. ನನಗೇ ನಾಚಿಕೆಯಾಯಿತು.

ಅವಸರದಲ್ಲಿ ಅವಳ ನೋಟ್‌ಬುಕ್ಕಿನಲ್ಲಿ ‘ಮಬ್ಬು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಡಿಮ್’ ಎಂದು ಬರೆದು, ಕೆಳಗೆ ‘ಕೊಪ್ಪಳದಲ್ಲಿ ಡಾಕ್ಟರಿಗೆ ತೋರಿಸಿ’ ಎಂದು ಸೇರಿಸಿದೆ. ಕಣ್ಣು ಎಂಬ ಮಾತೇ ಬಿಟ್ಟುಹೋಗಿತ್ತು.

ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳ ತಾಯಿ ಬಂದಳು. ಕೂಲಿಗೆ ಹೊರಟವಳು.

“ಮೊಬೈಲ್ ಅಂಗಡಿಯಾವನ ಕಡೆ ಓದಿಸೀನ್ರಿ. ಡಿಮ್ ಅಂದ್ರ ದಡ್ಡ ಅಂತ. ತಲಿ ತೋರ್ಸಾಕ ಕೊಪ್ಪಳಕ್ಕ ಕಳಸ್ತೀರೇನು ನನ್ನ ಮಗಳ್ನ?”

“ಕಣ್ಣಿಗೆ ಬರದೀನ್ರಿ. ಲೈಟ್ ಡಿಮ್ ಆಗೈತಿ ಅಂತೀವಲ್ಲ, ಹಂಗ.”

“ಲೈಟಿಗೆ ಅನ್ನೂ ಮಾತು ಈಕಿಗ್ಯಾಕ?”

“ತಪ್ಪಾತ್ರಿ. ಕಣ್ಣು ಅಂತ ಬರೀಬೇಕಿತ್ತು. ಅಂಗಡಿಯಾವ ಹೇಳಿದ್ದೂ ಸುಳ್ಳಲ್ಲ, ಆ ಅರ್ಥಾನೂ ಐತಿ.”

ತಪ್ಪು ಒಪ್ಪಿಕೊಂಡದ್ದಕ್ಕೆ ಅವಳ ದನಿ ಇಳಿಯಿತು. ನಂಬಿಕೆ ಮಾತ್ರ ಬರಲಿಲ್ಲ. “ನೀವೂ ಬರ್ರಿ. ಡಾಕ್ಟರ್ ಏನಂತಾರ, ನಿಮ್ಮ ಮುಂದ ಕೇಳ್ತೀನಿ.”

ಶನಿವಾರ ಸಾಲಿ ಬಿಟ್ಟ ಮೇಲೆ ಮೂವರೂ ಕೊಪ್ಪಳಕ್ಕೆ ಹೋದೆವು. ಡಾಕ್ಟರು ತೊಂದರೆ ಕಣ್ಣಿನದೇ ಅಂದರು, ಕನ್ನಡಕ ಬರೆದುಕೊಟ್ಟರು. ಅದು ತಯಾರಾದ ದಿನವೂ ತಾಯಿ ನನ್ನನ್ನು ಬಿಡದೆ ಕರೆದೊಯ್ದಳು. ಮೊದಲು ತಾನೇ ಹಾಕಿಕೊಂಡು ನೋಡಿದಳು.

“ನನಗ ಏನೂ ಕಾಣವಲ್ದು. ಈಕಿಗೆ ಹೆಂಗ ಕಾಣತೈತಿ?”

ಹುಡುಗಿ ಕನ್ನಡಕ ಹಾಕಿಕೊಂಡು, ರಸ್ತೆಯ ಆಚೆ ನಿಂತ ಬಸ್ಸಿನ ಬೋರ್ಡನ್ನು ನಿಧಾನಕ್ಕೆ ಓದಿದಳು: “ಯ… ಲ… ಬು… ರ್ಗಾ.”

ತಾಯಿಗೆ ಓದು ಬಾರದು. ನನ್ನ ಮುಖ ನೋಡಿದಳು, ಆದರೆ ನನ್ನನ್ನು ಕೇಳಲಿಲ್ಲ. ದಾರಿಯಲ್ಲಿ ಹೊರಟಿದ್ದ ಒಬ್ಬರನ್ನು ನಿಲ್ಲಿಸಿದಳು. “ಯಣ್ಣಾ, ಆ ಬಸ್ಸು ಎಲ್ಲಿಗೆ ಹೊಕ್ಕೈತಿ?”

“ಯಲಬುರ್ಗಾಕ್ಕವ್ವಾ.”

ಆಕೆ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ನನಗೆ ಹೇಳಿದಳು: “ಸೋಮವಾರದಿಂದ ಮುಂದ ಕೂಡಿಸ್ರಿ. ನಾ ಬಂದು ನೋಡ್ತೀನಿ.”

ಮೂರು ದಿನ, ಕೂಲಿಗೆ ಹೋಗುವ ಮುಂಚೆ, ಕಿಟಕಿಯಿಂದ ಇಣುಕಿ ನೋಡಿ ಹೋದಳು.